ಬದನೆಕಾಯಿ ಬಣ್ಣದ ಗೆರೆ

ಗಂಡ ಹೆಂಡತಿಗೆ ಒಂದೇ ಹವ್ಯಾಸವಿದ್ದರೆ ಸಂಸಾರ ಸುಖವಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹಾಗೆ ಹೇಳುವವರ ಮನೆಯಲ್ಲಿ ಒಬ್ಬರಿಗೆ ಹುಚ್ಚು, ಇನ್ನೊಬ್ಬರಿಗೆ ತಲೆನೋವು ಇರುತ್ತದೆ. ಅದು ಸರಿಯಾದ ವ್ಯವಸ್ಥೆ. ಒಬ್ಬರು ಮಿತಿಮೀರಿದರೆ ಬೈಯಲು ಇನ್ನೊಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಬೈಯುವವರೇ ಇಲ್ಲ. ನನಗೂ ಹಳೆಯ ಕಾರಿನ ಹುಚ್ಚು, ನನ್ನ ಹೆಂಡತಿ ವಿಮಲೆಗೂ ಅದೇ ಹುಚ್ಚು. ನಾನು ಸರ್ಕಾರಿ ಕಚೇರಿಯಲ್ಲಿ ನಕ್ಷೆಗಳನ್ನು ತಿದ್ದಿ ನಿವೃತ್ತನಾದವನು. ಅವಳು ಹೈಸ್ಕೂಲಿನಲ್ಲಿ ಗಣಿತದ ಪತ್ರಿಕೆಗಳನ್ನು ತಿದ್ದಿ ನಿವೃತ್ತಳಾದವಳು. ಅಂದರೆ ಇಬ್ಬರಿಗೂ ಇನ್ನೊಬ್ಬರು ಮಾಡಿದ್ದನ್ನು ಹಾಗೇ ಬಿಡುವ ಅಭ್ಯಾಸವಿಲ್ಲ. ಎಲ್ಲ ಅನರ್ಥಕ್ಕೂ ಇದೇ ಮೂಲವಾಯಿತು.

ಕಾರು ಸಿಕ್ಕಿದ್ದು ಅಮೃತಹಳ್ಳಿಯಲ್ಲಿ. ಹಳೇ ಊರಿನ ಗೌಡರೊಬ್ಬರು ಬಾಡಿಗೆಗೆಂದು ಕಟ್ಟಿಸುತ್ತಿದ್ದ ನಾಲ್ಕಂತಸ್ತಿನ ಮನೆಯ ಹಿಂದೆ, ನಮ್ಮ ಮದುವೆಗಿಂತ ಹಳೆಯದಾದ ಅಂಬಾಸಿಡರ್ ಒಂದು ನಿಂತಿತ್ತು. ನಾನು ಬಾಗಿಲು ತೆಗೆಯಲು ಹೋದೆ. ಗೌಡರು, "ಉಷಾರು ಕಣಣ್ಣ, ಇಂದಿನ ಸೀಟ್ನಾಗೆ ಕೋಳಿ ಕಾವಿಗೆ ಕುಂತದೆ" ಎಂದರು. ವಿಮಲೆ ಕೋಳಿಯ ಕಡೆ ತಿರುಗಿಯೂ ನೋಡಲಿಲ್ಲ. ಸ್ಟೀರಿಂಗ್ ಪಕ್ಕದ ಗೇರಿನ ಕಡ್ಡಿಯನ್ನು ಮೆಲ್ಲಗೆ ಮುಟ್ಟಿ, "ರೀ, ಇದು ಒರಿಜಿನಲ್ಲು" ಎಂದು ಪಿಸುಗುಟ್ಟಿದಳು. ನಮ್ಮ ಮದುವೆಯ ದಿನ ನನ್ನ ಮುಖ ನೋಡಿದಾಗಲೂ ಅವಳ ದನಿ ಅಷ್ಟು ನಡುಗಿರಲಿಲ್ಲ. ಮರಿಗಳಾಗುವವರೆಗೆ ಕಾದು, ಕಾರನ್ನು ಸಹಕಾರನಗರದ ನಮ್ಮ ಮನೆಗೆ ತಂದೆವು. ಎರಡು ವರ್ಷ ಇಬ್ಬರೂ ಕೂತು ತುಕ್ಕು ಉಜ್ಜಿದೆವು. ನಮ್ಮ ಮಂಡಿಗಳು ಸವೆದವು, ಕಾರು ಹೊಳೆಯಿತು.

ಹಳೆಯ ಕಾರಿನವರು ಆಗಾಗ ಭಾನುವಾರ ಆರ್.ಟಿ. ನಗರದ ಮೈದಾನವೊಂದರಲ್ಲಿ ಸೇರುತ್ತಾರೆ. ಮೊದಲ ಸಲ ಹೊರಟಾಗ ಹೆಬ್ಬಾಳದ ಫ್ಲೈಓವರಿನ ಏರಿನಲ್ಲಿ ನಮ್ಮ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ವಿಮಾನ ನಿಲ್ದಾಣದಿಂದ ಬರುತ್ತಿದ್ದ ಅಷ್ಟೂ ಟ್ಯಾಕ್ಸಿಗಳು ಹಿಂದೆ ನಿಂತು ಹಾರನ್ ಹೊಡೆದವು. ಬೈಕಿನವನೊಬ್ಬ, "ಅಂಕಲ್, ಇಲ್ಲೇ ಒಂದು ಟೀ ಅಂಗಡಿ ಹಾಕ್ಬಿಡಿ, ಒಳ್ಳೆ ವ್ಯೂ ಇದೆ" ಎಂದು ಹೇಳಿ ಹೋದ. ವಿಮಲೆ ಇಳಿದು, ಅಂಗೈ ಎತ್ತಿ, ಇಡೀ ಟ್ರಾಫಿಕ್ಕನ್ನು ಎಂಟನೇ ತರಗತಿಯಂತೆ ಸುಮ್ಮನಾಗಿಸಿದಳು. ಕಾರನ್ನು ಎಳೆಸಿಕೊಂಡು ಮನೆಗೆ ಬರುವಾಗ ಅವಳು ಆಡಿದ್ದು ಒಂದೇ ಮಾತು: "ಮುಂದಿನ ಸಲ ಈ ಏರನ್ನ ನಿಲ್ಲಿಸ್ದೆ ಹತ್ತಿಸ್ಲಿಲ್ಲ ಅಂದ್ರೆ ನಾನು ಲೆಕ್ಕದ ಟೀಚರ್ರೇ ಅಲ್ಲ." ನಾನೂ ಹಲ್ಲು ಕಚ್ಚಿ ತಲೆಯಾಡಿಸಿದೆ. ಅವಮಾನ ಇಬ್ಬರದೂ ಆಗಿತ್ತು. ಮುಂದಿನ ಕೂಟಕ್ಕೆ ಒಂದು ತಿಂಗಳಿತ್ತು.

ಕಾರ್ಬುರೇಟರಿನಲ್ಲಿ ಒಂದು ಪುಟ್ಟ ಸ್ಕ್ರೂ ಇದೆ. ಅದನ್ನು ಒಂದು ಕಡೆ ತಿರುಗಿಸಿದರೆ ಪೆಟ್ರೋಲು ಹೆಚ್ಚು, ಇನ್ನೊಂದು ಕಡೆ ತಿರುಗಿಸಿದರೆ ಕಡಿಮೆ. ಕಾರಿಗೆ ಪೆಟ್ರೋಲು ಸಾಲದು ಎಂದು ನನ್ನ ವಾದ. ಹೆಚ್ಚಾಗಿದೆ ಎಂದು ಅವಳ ವಾದ. ಮೂರು ದಿನ ಜಗಳವಾಡಿ, ಕೊನೆಗೆ ಕೆಂಪಾಪುರದ ಮೆಕ್ಯಾನಿಕ್ ಬಾಬಣ್ಣನಿಗೆ ಬಿಡುವುದು, ನಾವು ಮುಟ್ಟುವುದೇ ಬೇಡ ಎಂದು ಒಪ್ಪಿಕೊಂಡೆವು. ಹಳೆಯ ಇಂಜಿನ್ನಿನ ಭಾಷೆ ಬಲ್ಲವನು ಈ ಕಡೆ ಅವನೊಬ್ಬನೇ. ಅವನು ಬಂದು, ಕಿವಿಗೊಟ್ಟು ಕೇಳಿ, ಸ್ಕ್ರೂ ಸರಿಮಾಡಿ ಹೋದ. ಮಾರನೆಯ ಬೆಳಿಗ್ಗೆ ವಿಮಲೆ ಪಾರ್ಕಿಗೆ ವಾಕಿಂಗ್ ಹೋದಳು. ನಾನು ಕಾಲು ಸುತ್ತು, ಬರೀ ಕಾಲು ಸುತ್ತು ತಿರುಗಿಸಿದೆ. ಆದರೂ ಕಾರು ಸುಧಾರಿಸಲಿಲ್ಲ. ಮರುದಿನ ಇನ್ನೂ ಕಾಲು ಸುತ್ತು. ಬಾಬಣ್ಣನನ್ನು ಮತ್ತೆ ಕರೆಸಿದೆವು, ಅವನು ಸರಿಮಾಡಿದ, ಕಾರು ಮತ್ತೆ ಕೆಟ್ಟಿತು. ಅಪ್ಪಟ ಹಾಲಿನಂಥ ಮುಖ ಮಾಡಿಕೊಂಡು ಇಬ್ಬರೂ "ಏನಾಗಿದೆಯೋ ಪಾಪ" ಎನ್ನುತ್ತಿದ್ದೆವು.

ಮೂರನೆಯ ಸಲ ಬಂದ ಬಾಬಣ್ಣ ಬಾನೆಟ್ ಎತ್ತಿ ಒಳಗೆ ಬಗ್ಗಿದ. ಆಮೇಲೆ ಬ್ಯಾಟರಿಯ ಪಕ್ಕದಿಂದ ಎರಡು ವಸ್ತುಗಳನ್ನು ಹೊರಗೆ ತೆಗೆದ. ಒಂದು, ನನ್ನ ಹಳದಿ ಹಿಡಿಯ ಸ್ಕ್ರೂಡ್ರೈವರ್. ಇನ್ನೊಂದು, ವಾರದಿಂದ ಕಾಣೆಯಾಗಿದ್ದ ನಮ್ಮ ಈರುಳ್ಳಿ ಹೆಚ್ಚುವ ಚಾಕು. ಅದರ ತುದಿ ಬಾಗಿತ್ತು. ನಾನು ವಿಮಲೆಯನ್ನು ನೋಡಿದೆ. ಅವಳು ನನ್ನೊಬ್ಬನನ್ನೇ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದ ಬೆಳಗಿನ ವಾಕಿಂಗನ್ನು ನೆನೆದಳು; ನಾನು ನನ್ನ ಮಧ್ಯಾಹ್ನದ ನಿದ್ದೆಯನ್ನು ನೆನೆದೆ.

"ಸಾರ್, ನೀವೊಂದು ಕಡೆ ತಿರುಗಿಸ್ತೀರ, ಮೇಡಂ ವಾಪಸ್ ತಿರುಗಿಸ್ತಾರೆ. ಗಾಡಿ ಏನ್ ಮಾಡ್ಬೇಕು ಹೇಳಿ?" ಎಂದ ಬಾಬಣ್ಣ, ಸ್ಕ್ರೂವನ್ನು ಸರಿಮಾಡಿ, ಜೇಬಿನಿಂದ ಉಗುರುಬಣ್ಣದ ಶೀಸೆ ತೆಗೆದು ಅದರ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳೆದ. ಬಣ್ಣ ಬದನೆಕಾಯಿಯದು. "ಸ್ಕ್ರೂ ಅಲ್ಲಾಡಿದ್ರೆ ಈ ಗೆರೆ ಒಡೆಯತ್ತೆ. ಒಡೆದಿದ್ದು ಕಂಡ್ರೆ ನಾನು ಇನ್ನು ಈ ಗೇಟ್ ಒಳಗೆ ಕಾಲಿಡಲ್ಲ."

ಕೂಟಕ್ಕೆ ಉಳಿದಿದ್ದ ಹತ್ತು ದಿನ ನಾವು ಹೇಗೆ ಕಳೆದೆವೋ ನಮಗೇ ಗೊತ್ತು. ಕೈಗಳು ತುರಿಸುತ್ತಿದ್ದವು, ಆದರೂ ಮುಟ್ಟಲಿಲ್ಲ. ಭಾನುವಾರ ಬಂತು. ಹೋಗುವಾಗ ಅವಳು ಓಡಿಸುವುದು, ಬರುವಾಗ ನಾನು. ಹೆಬ್ಬಾಳದ ಏರಿನ ಬುಡದಲ್ಲಿ ವಿಮಲೆ ಸೆರಗು ಸಿಕ್ಕಿಸಿ ಗೇರು ಬದಲಿಸಿದಳು. ನಾನು ಉಸಿರು ಬಿಗಿಹಿಡಿದೆ, ನನ್ನ ಉಸಿರೇ ಇಂಜಿನ್ನು ಎಂಬ ಹಾಗೆ. ಕಾರು ಒಂದು ಸಲವೂ ಕೆಮ್ಮಲಿಲ್ಲ. ಮೇಲೆ ತಲುಪಿದಾಗ ಎಡಕ್ಕೆ ಕೆರೆ ಕಂಡಿತೋ ಬಲಕ್ಕೆ ಕಂಡಿತೋ ನನಗೆ ತಿಳಿಯಲಿಲ್ಲ, ಕಣ್ಣು ತುಂಬಿತ್ತು. ವಿಮಲೆಯೂ ಮೂಗು ಒರೆಸಿಕೊಂಡು, "ಧೂಳು ಕಣ್ರೀ" ಎಂದಳು. ಇಷ್ಟು ಸಂತೋಷ ನಮ್ಮಿಬ್ಬರಿಗೂ ಒಟ್ಟಿಗೆ ಆಗಿ ಎಷ್ಟೋ ವರ್ಷವಾಗಿತ್ತು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಬರುವಾಗ ನಾನು ಓಡಿಸಿದೆನಲ್ಲ, ಕಾಲು ಸುತ್ತು ಪೆಟ್ರೋಲು ಹೆಚ್ಚಿದ್ದರೆ ಏರು ಇನ್ನೂ ಹಗುರವಾಗುತ್ತಿತ್ತು ಎಂದು ನನಗೆ ಸ್ಪಷ್ಟವಾಗಿ ಅನ್ನಿಸಿತು. ಮಾರನೆಯ ದಿನ ಹಳದಿ ಹಿಡಿಯ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು, ನಮ್ಮ ರಸ್ತೆಯ ಫ್ಯಾನ್ಸಿ ಸ್ಟೋರಿಗೆ ಹೋಗಿ, ಬದನೆಕಾಯಿ ಬಣ್ಣದ ಉಗುರುಬಣ್ಣ ಕೇಳಿದೆ. ಅಂಗಡಿಯವನು, "ಆ ಬಣ್ಣ ಒಂದೇ ಇತ್ತು ಸಾರ್. ಈಗಷ್ಟೇ ಮೇಡಂ ತಗೊಂಡು ಹೋದ್ರು" ಎಂದ.

ಮನೆಗೆ ಬಂದರೆ ಕಾರಿನ ಬಾನೆಟ್ ಮೇಲಕ್ಕೆದ್ದಿತ್ತು. ಅದರ ಕೆಳಗೆ ವಿಮಲೆಯ ಸೀರೆಯ ಅಂಚು ಕಾಣುತ್ತಿತ್ತು. ನಾನು ಗೇಟಿನ ಶಬ್ದವಾಗದಂತೆ ಹೊರಗೇ ನಿಂತೆ. ಅವಳ ಕೆಲಸ ನಿಧಾನವಾಗಿ ಮುಗಿಯಲಿ. ಶೀಸೆಯನ್ನು ಎಲ್ಲಿ ಬಚ್ಚಿಡುತ್ತಾಳೆಂದು ನೋಡಿಕೊಂಡರೆ ನನಗೆ ಸಾಕು.