ವಿಧವೆ ಪೆಲಾಜಿ ಫ್ರಾನ್ಸ್ ದೇಶವಾದದ್ದು

ಮಿಸಿಸಿಪ್ಪಿ ನದಿಯ ಪಶ್ಚಿಮ ದಡದಲ್ಲಿರುವ ನಮ್ಮ ಸೇಂತ್ ಓದಿಲ್ ಗ್ರಾಮವು ಸುತ್ತಲಿನ ಸೀಮೆಯೆಲ್ಲದರ ಜೊತೆಗೆ ೧೮೦೩ರ ವಸಂತದಲ್ಲಿ ಅಮೆರಿಕಕ್ಕೆ ಮಾರಾಟವಾಯಿತು. ಗ್ರಾಮಕ್ಕೆ ಈ ಸಂಗತಿ ತಿಳಿದದ್ದು ಮರುವರ್ಷ. ನಡುವಿನ ಹನ್ನೊಂದು ತಿಂಗಳು ನಾವು ಅಮೆರಿಕದ ಸೊತ್ತಾಗಿದ್ದುಕೊಂಡೇ ಪ್ರತಿ ಭಾನುವಾರ ಸ್ಪೇನಿನ ರಾಜನ ಆಯುಷ್ಯಕ್ಕಾಗಿ ಪ್ರಾರ್ಥಿಸಿದ್ದೆವು. ಇದಕ್ಕಾಗಿ ಯಾರನ್ನೂ ದಂಡಿಸಲಿಲ್ಲವೆಂಬುದನ್ನು ಹೊಸ ಸರ್ಕಾರದ ಔದಾರ್ಯಕ್ಕೆ ಸಾಕ್ಷಿಯಾಗಿ ಇಲ್ಲಿ ದಾಖಲಿಸಿದ್ದೇನೆ.

ನಾನು ಎವಾರಿಸ್ತ್ ತಿಬೋ, ಠಾಣೆಯ ಗುಮಾಸ್ತ. ಊರಲ್ಲಿ ನಾಲ್ಕು ಭಾಷೆ ಬಲ್ಲವನು ನಾನೊಬ್ಬನೇ ಆದ್ದರಿಂದ, ಯಾರು ಯಾರಿಗೆ ಏನು ಹೇಳಿದರೂ ಅದು ನನ್ನ ಬಾಯಿಯ ಮೂಲಕವೇ ಹೋಗಬೇಕಿತ್ತು.

ಖರೀದಿದಾರರ ಪರವಾಗಿ ಕ್ಯಾಪ್ಟನ್ ಪ್ರೂಯಿಟ್ ಎಂಬವರು ಹನ್ನೆರಡು ಸಿಪಾಯಿಗಳೊಂದಿಗೆ ದೋಣಿಯಿಂದ ಇಳಿದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಒಂದು ಕಾಗದ. ನಮ್ಮ ಠಾಣಾಧಿಕಾರಿ, ಸ್ಪೇನಿನವರಾದ ದೊನ್ ರಮೀರೊ, ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾರ ಹತ್ತಿರ ಕೊಂಡ್ರಿ?"

"ಫ್ರಾನ್ಸಿನವರ ಹತ್ತಿರ."

"ಇದು ಸ್ಪೇನಿನದ್ದಲ್ವೇನ್ರೀ?"

"ನೀವು ಅದನ್ನ ಫ್ರಾನ್ಸಿಗೆ ಕೊಟ್ಟು ಮೂರು ವರ್ಷ ಆಯ್ತಲ್ಲ."

"ನಾನು ಕೊಟ್ಟಿಲ್ಲಪ್ಪ. ಬೀಗದ ಕೈ ಇಲ್ಲೇ ನನ್ನ ಸೊಂಟದಲ್ಲಿದೆ!"

ಮೇಲಧಿಕಾರಿಗಳ ಆಜ್ಞಾಪತ್ರವನ್ನು ಕ್ಯಾಪ್ಟನ್ ತೋರಿಸಿದ ಮೇಲೆ ದೊನ್ ರಮೀರೊ ಒಪ್ಪಿದರು. ಆದರೆ ಕ್ರಮ ಕ್ರಮವೇ. ಸ್ಪೇನ್ ಮೊದಲು ಫ್ರಾನ್ಸಿಗೆ ಒಪ್ಪಿಸಬೇಕು, ಫ್ರಾನ್ಸ್ ಅಮೆರಿಕಕ್ಕೆ ಒಪ್ಪಿಸಬೇಕು. ಇದಕ್ಕೆ ನೇಮಕವಾಗಿದ್ದ ಫ್ರಾನ್ಸಿನ ಅಧಿಕಾರಿ, ಕಾಲಿಗೆ ವಾತ ಹಿಡಿದಿದೆ, ತಮ್ಮ ಬದಲು ಸ್ಥಳೀಯವಾಗಿ ಯಾರನ್ನಾದರೂ ಫ್ರಾನ್ಸ್ ಮಾಡಿಕೊಳ್ಳಿ ಎಂದು ಪತ್ರ ಕಳಿಸಿದ್ದರು. ಊರಿನವರೆಲ್ಲ ಮಾತಾಡುವುದು ಫ್ರೆಂಚೇ, ಆದರೆ ಹುಟ್ಟಿದ್ದು ಇಲ್ಲಿ. ಫ್ರಾನ್ಸಿನ ನೆಲದಲ್ಲಿ ಹುಟ್ಟಿದ್ದವಳೆಂದರೆ ಲಾ ರೊಶೆಲ್ ಬಂದರಿನಿಂದ ಹದಿನೇಳನೇ ವಯಸ್ಸಿಗೆ ಮದುವೆಯಾಗಿ ಬಂದ ಪೆಲಾಜಿ ಬೊದ್ವೆಂ ಒಬ್ಬಳೇ. ಈಗ ಅರವತ್ತಾರು. ಗಂಡ ತೀರಿಕೊಂಡ ಮೇಲೆ ನದಿಯ ದಡದಿಂದ ಗುಡ್ಡದವರೆಗೆ ಪಟ್ಟಿಯಂತೆ ಹಬ್ಬಿದ ತನ್ನ ಗೋಧಿ ಹೊಲವನ್ನು ಒಬ್ಬಳೇ ಉಳುತ್ತಿದ್ದಳು. ಆ ಹೊಲವನ್ನು ಹಿಂದಿನ ಠಾಣಾಧಿಕಾರಿ ಕೊಟ್ಟದ್ದು ಬಾಯಿಮಾತಿನಲ್ಲಿ, ಒಂದು ಹೆಂಟೆ ಮಣ್ಣನ್ನು ಅವಳ ಕೈಗಿಟ್ಟು.

ನಾನು ಹೋದಾಗ ಅವಳು ಹಂದಿಗಳಿಗೆ ಮುಸುರೆ ಹಾಕುತ್ತಿದ್ದಳು.

"ಏನೋ ಎವಾರಿಸ್ತ್, ಮುಖ ಹೀಗಿಟ್ಕೊಂಡು ಬಂದಿದೀಯ? ಯಾರು ಸತ್ರು?"

"ಯಾರೂ ಇಲ್ಲಮ್ಮ. ನಾಳೆ ಮಧ್ಯಾಹ್ನ ನೀನು ಫ್ರಾನ್ಸ್ ಆಗಬೇಕಂತೆ."

"ಎಷ್ಟೊತ್ತು?"

"ಒಂದೇ ದಿನ."

"ಸರಿ. ಆದ್ರೆ ಹಾಲು ಕರೆಯೋ ಹೊತ್ತಿಗೆ ನನ್ನ ಬಿಟ್ಟುಬಿಡಬೇಕು."

ಮರುದಿನ ಸ್ಪೇನಿನ ಬಾವುಟ ಇಳಿಯಿತು. ದೊನ್ ರಮೀರೊ ಅತ್ತರು. ಫ್ರಾನ್ಸಿನ ಬಾವುಟ ಊರಲ್ಲಿ ಇಲ್ಲದ್ದರಿಂದ ಪೆಲಾಜಿಯ ನೀಲಿ ಲಂಗ, ಇಗರ್ಜಿಯ ಬಿಳಿ ಬಟ್ಟೆ, ದೊನ್ ರಮೀರೊ ಅವರ ಕೆಂಪು ನಡುಪಟ್ಟಿ ಸೇರಿಸಿ ಹೊಲಿದು ಏರಿಸಿದೆವು. ನದಿಯಿಂದ ಪಶ್ಚಿಮದ ಬೆಟ್ಟಗಳವರೆಗೆ ಯಾರೂ ಅಳೆಯದ ಭೂಭಾಗವೆಲ್ಲ ಪೆಲಾಜಿಯ ವಶಕ್ಕೆ ಬಂತು. ಅವಳು ಬೀಗದ ಕೈಗೊಂಚಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹಾಲು ಕರೆಯಲು ಹೋದಳು.

ಸಂಜೆ ನನ್ನನ್ನು ಕರೆಸಿದಳು.

"ನೋಡೋ, ಇವತ್ತು ನಾನೇ ಫ್ರಾನ್ಸ್ ತಾನೆ? ಹಾಗಾದ್ರೆ ನನ್ನ ಹೊಲ ನನಗೇ ಅಂತ ಒಂದು ಕಾಗದ ಬರ್ಕೊಡು. ನಾನೇ ರುಜು ಹಾಕ್ತೀನಿ."

ನಾನು ನಿಯಮ ವಿವರಿಸಿದೆ. ಫ್ರಾನ್ಸ್ ಈ ಭೂಮಿಯನ್ನು ಹೋದ ವರ್ಷವೇ ಮಾರಿದೆ. ಆದಕಾರಣ ಇಂದು ಸ್ವೀಕರಿಸಿದ್ದನ್ನು ಅದು ನಾಳೆ ಕೊಡಬಹುದೇ ಹೊರತು ಇಟ್ಟುಕೊಳ್ಳಲು ಬರುವುದಿಲ್ಲ.

"ಥೂ! ಇಂಥ ದರಿದ್ರ ದೇಶ ಆಗೋಕೆ ನಾನೇ ಬೇಕಾಗಿತ್ತಾ?" ಎಂದಳು.

ಅದೇ ಹೊತ್ತಿಗೆ ಈ ನೆಲದ ಮೂಲನಿವಾಸಿಗಳಾದ ಓಸೇಜ್ ಜನರ ಹಿರಿಯ, ನಾವು 'ನಿಂತ ಕೊಕ್ಕರೆ' ಎಂದು ಕರೆಯುತ್ತಿದ್ದವನು, ಕುದುರೆಯ ಮೇಲೆ ಬಂದ. ಮೂವತ್ತು ವರ್ಷಗಳಿಂದ ಪೆಲಾಜಿಯ ಹಿಟ್ಟಿಗೆ ಕರಡಿಯ ಕೊಬ್ಬು ಕೊಟ್ಟು ವ್ಯಾಪಾರ ಮಾಡುತ್ತಿದ್ದ ಮನುಷ್ಯ.

"ಸ್ಪೇನಿನ ರಾಜ ನಮ್ಮಪ್ಪ ಅಂತಿದ್ರಿ. ಈಗ ಅಪ್ಪ ಯಾರು?" ಎಂದು ನನ್ನನ್ನು ಕೇಳಿದ.

ನಾನು ಪೆಲಾಜಿಯನ್ನು ತೋರಿಸಿದೆ. ಅವನು ಅವಳನ್ನು ತುಸು ಹೊತ್ತು ನೋಡಿ, "ಇದ್ದ ಅಪ್ಪಂದಿರಲ್ಲಿ ಇವಳೇ ವಾಸಿ. ಇವಳ ತಕ್ಕಡಿ ಸುಳ್ಳು ಹೇಳಲ್ಲ," ಎಂದ. ಪೆಲಾಜಿ ನಕ್ಕು ಅವನಿಗೆ ಬಿಸಿ ಸಾರು ಬಡಿಸಿದಳು. ಫ್ರಾನ್ಸಿನ ಆಳ್ವಿಕೆಯಲ್ಲಿ ನಡೆದ ರಾಜತಾಂತ್ರಿಕ ಕಾರ್ಯ ಇಷ್ಟೇ.

ಮರುದಿನ ಮಧ್ಯಾಹ್ನ ನಾನು ಬರೆದುಕೊಟ್ಟ ಹಸ್ತಾಂತರ ಪತ್ರಕ್ಕೆ ಅವಳು ರುಜು ಹಾಕಿದಳು. ಅಮೆರಿಕದ ಬಾವುಟ ಏರಿತು. ಕ್ಯಾಪ್ಟನ್ ಪ್ರೂಯಿಟ್ ನಿಂತ ಕೊಕ್ಕರೆಯ ಕೊರಳಿಗೆ ಒಂದು ಪದಕ ಹಾಕಿ ಅಭಿನಂದಿಸಿದರು.

"ನಮ್ಮ ಬೇಟೆಯ ಕಾಡನ್ನೂ ಕೊಂಡ್ರಾ?" ಎಂದು ಅವನು ಕೇಳಿದ.

"ಛೆ ಛೆ, ಎಲ್ಲಾದ್ರೂ ಉಂಟಾ! ಕಾಡು ನಿಮ್ಮದೇ. ನಿಮ್ಮಿಂದ ಅದನ್ನ ಕೊಳ್ಳೋ ಹಕ್ಕು ಮಾತ್ರ ನಾವು ಕೊಂಡಿರೋದು."

"ನಾನು ಮಾರಲ್ಲ ಅಂದ್ರೆ?"

"ಆಗ ಬೇರೆ ಯಾರೂ ಕೊಳ್ಳೋ ಹಾಗಿಲ್ಲ."

"ಬೇರೆ ಯಾರೂ ಕೇಳೇ ಇಲ್ವಲ್ಲ."

"ನೋಡಿದ್ರಾ, ಹಕ್ಕು ಎಷ್ಟು ಭದ್ರವಾಗಿದೆ!"

ಇದನ್ನು ಓಸೇಜ್ ಮಾತಿಗೆ ತರಲು ನನಗೆ ಮೂರು ಸಲ ಪ್ರಯತ್ನಿಸಬೇಕಾಯಿತು. ಮೂರನೆಯ ಸಲ ಅವನು ಕೈಯೆತ್ತಿ ನಿಲ್ಲಿಸಿದ. "ಅರ್ಥ ಆಯ್ತು ಬಿಡು. ಮೊದಲನೇ ಸಲವೇ ಆಗಿತ್ತು."

ಸುಗ್ಗಿಗೆ ಮೊದಲು ಭೂಹಕ್ಕು ಪರಿಶೀಲನಾ ಮಂಡಳಿ ಸ್ಥಾಪನೆಯಾಯಿತು. ಇಗರ್ಜಿಯ ಬಾಗಿಲಿಗೆ ನಾನೇ ಪ್ರಕಟಣೆ ಅಂಟಿಸಿದೆ: "ಹಿಂದಿನ ಸರ್ಕಾರಗಳು ಕೊಟ್ಟ ಜಮೀನುಗಳನ್ನು ಹೊಸ ಸರ್ಕಾರವು ಪೂರ್ಣವಾಗಿ ಗೌರವಿಸುತ್ತದೆ. ಲಿಖಿತ ದಾಖಲೆ ಹಾಜರುಪಡಿಸತಕ್ಕದ್ದು. ಬಾಯಿಮಾತಿನಲ್ಲಿ ಕೊಟ್ಟಿದ್ದಲ್ಲಿ, ಸದರಿ ಬಾಯಿಯನ್ನು ಹಾಜರುಪಡಿಸತಕ್ಕದ್ದು."

ಪೆಲಾಜಿಗೆ ಹೊಲ ಕೊಟ್ಟ ಬಾಯಿ ಇಪ್ಪತ್ಮೂರು ವರ್ಷದ ಹಿಂದೆಯೇ ಮಣ್ಣು ಸೇರಿತ್ತು. ಅವಳು ಊರಿನ ಒಂಬತ್ತು ಸಾಕ್ಷಿಗಳನ್ನು ಕರೆತಂದಳು. ಮಂಡಳಿಯ ಅಧ್ಯಕ್ಷರಾಗಿದ್ದ ಕ್ಯಾಪ್ಟನ್ ಒಂಬತ್ತೂ ಜನರ ಮಾತನ್ನು ಸಾವಧಾನದಿಂದ ಕೇಳಿ, ಎಲ್ಲವೂ ನಿಜವೆಂದು ಒಪ್ಪಿದರು. ಆಮೇಲೆ ಹಸ್ತಾಂತರ ಪತ್ರವನ್ನು ಅವಳ ಮುಂದೆ ಇಟ್ಟರು.

"ಇದು ನಿಮ್ಮ ರುಜುನೇ ತಾನೇ ಅಮ್ಮ?"

"ಹೌದು."

"'ಸಮಸ್ತ ಭೂಮಿ, ಯಾವುದನ್ನೂ ಉಳಿಸಿಕೊಳ್ಳದೆ' ಅಂತ ಬರೆದಿದೆ. ನಿಮ್ಮ ಹೊಲ ಇದರೊಳಗೇ ಬರುತ್ತಲ್ವಾ?"

"ಅಯ್ಯೋ ನಿನ್ನ ಮನೆ ಕಾಯ್ವಾಗ! ಅದಕ್ಕೆ ನಾನು ಫ್ರಾನ್ಸ್ ಆಗಿ ರುಜು ಹಾಕಿದ್ದು ಕಣಪ್ಪಾ!"

"ಮಂಡಳಿ ಅದನ್ನೂ ಗಮನಿಸಿದೆ. ಒಂದು ದೇಶವೇ ಕೊಟ್ಟ ಮಾತನ್ನ ಒಬ್ಬ ಹೆಂಗಸು ವಾಪಸ್ ತಗೊಳ್ಳೋಕಾಗುತ್ತಾ?"

ಪೆಲಾಜಿ ನನ್ನ ಕಡೆ ತಿರುಗಿದಳು. "ನೀನು ಹೇಳೋ ಎವಾರಿಸ್ತ್. ಬರೆದೋನು ನೀನೇ ತಾನೆ?"

ಬರೆದವನು ನಾನೇ. ಆದರೆ ಅನುವಾದಕನು ಸ್ವಂತ ಮಾತು ಆಡತಕ್ಕದ್ದಲ್ಲ ಎಂಬ ನಿಯಮವಿತ್ತು. ಆ ನಿಯಮ ಇಲ್ಲದಿದ್ದರೂ ಆಡುತ್ತಿದ್ದೆನೋ ಇಲ್ಲವೋ, ಹೇಳಲಾರೆ. ನಾನು ಅವಳ ಪ್ರಶ್ನೆಯನ್ನು ಇಂಗ್ಲಿಷಿಗೆ ಅನುವಾದಿಸಿದೆ. ಕ್ಯಾಪ್ಟನ್ ಅದನ್ನು ಬರೆದುಕೊಂಡು, ಹೊಲ ಸರ್ಕಾರದ್ದೆಂದು ತೀರ್ಪು ಕೊಟ್ಟರು.

ಒಂಬತ್ತು ಸಾಕ್ಷಿಗಳೂ ತಮ್ಮ ತಮ್ಮ ಹೊಲಗಳ ಅರ್ಜಿ ಇನ್ನೂ ಬಾಕಿ ಇದ್ದುದರಿಂದ ತೀರ್ಪು ನ್ಯಾಯವಾಗಿದೆ ಎಂದರು. ಕಾಡನ್ನು ಕೊಳ್ಳುವ ಹಕ್ಕನ್ನು ಸರ್ಕಾರ ಚಲಾಯಿಸಿದಾಗ, ನಿಂತ ಕೊಕ್ಕರೆ ತನ್ನ ಜನರೊಂದಿಗೆ ಪಶ್ಚಿಮಕ್ಕೆ ಹೊರಟುಹೋದ. ಪೆಲಾಜಿ ಎಲ್ಲಿಗೂ ಹೋಗಲಿಲ್ಲ. ಹೊಲದಂಚಿನ ಗುಡಿಸಲಿನಲ್ಲಿ ಇರಲು ಮಂಡಳಿ ದಯೆಯಿಂದ ಅವಕಾಶ ಕೊಟ್ಟಿತು.

ಹೊಲವನ್ನು ಮಂಡಳಿ, ಹಸ್ತಾಂತರದ ಕಾಲದಲ್ಲಿ ಸಲ್ಲಿಸಿದ ನಿಷ್ಪಕ್ಷಪಾತ ಸೇವೆಗಾಗಿ, ನನಗೆ ಮಂಜೂರು ಮಾಡಿತು. ನಾನು ಬೇಡ ಎನ್ನಲಿಲ್ಲ. ಸರ್ಕಾರದ ಮಂಜೂರಾತಿಯನ್ನು ನಿರಾಕರಿಸುವ ಅರ್ಜಿಗೆ ನಮೂನೆ ಇಲ್ಲ. ಈಗ ಪೆಲಾಜಿ ನೀರಿಗಾಗಿ ನದಿಗೆ ಹೋಗುವಾಗ ಬೇಲಿಯ ಹತ್ತಿರ ನಿಂತು, "ದಾಟಲಾ, ಸ್ವಾಮಿ?" ಎಂದು ಕೇಳುತ್ತಾಳೆ. ನಾನು ದಾಟಲು ಬಿಡುತ್ತೇನೆ.