ಮಂಚೇಗೌಡನ ಅಂಗುಳಪೀಪಿಯೂ ಟರ್ಕಿ ಹುಂಜದ ತೊಡೆಯೂ

ಅಂಗುಳಿನ ಗುಹೆಯಲ್ಲಿ ಮಲಗಿರುವ ನಾದವನ್ನು ತಟ್ಟಿ ಎಬ್ಬಿಸುವ ಎಲೈ ಶಬ್ದದೇವಿಯೇ, ಬಾ, ಕಥೆ ತೊದಲದಂತೆ ಕಾಪಾಡು! ಯುಗಾದಿಯ ಮರುದಿನ, ಹೊಸತೊಡಕಿನ ಆ ಪುಣ್ಯಪ್ರಭಾತದಲ್ಲಿ, ಊರಿನ ಸಮಸ್ತ ಒಲೆಗಳೂ ಮಸಾಲೆಯ ಹೋಮಧೂಮವನ್ನು ಗಗನಕ್ಕೇರಿಸುತ್ತಿದ್ದಾಗ, ನವದಂತಪಂಕ್ತಿವಿರಾಜಿತನೂ ಮಾಂಸಚರ್ವಣಾಭಿಲಾಷಿಯೂ ಆದ ಮಂಚೇಗೌಡನು ಎಸಗಿದ ಮಹಾಕಾರ್ಯವಿದು.

ಮೇಲ್ದವಡೆ ಬೋಳಾದಂದಿನಿಂದ ಹಬ್ಬ ಹಬ್ಬಕ್ಕೂ ಬರೀ ಮುದ್ದೆ ನುಂಗಿ ಎದ್ದಿದ್ದ ಆ ಧೀರನಿಗೆ ಮೊನ್ನೆಯಷ್ಟೇ ಹಲ್ಲಿನ ಸೆಟ್ಟು ಬಂದಿತ್ತು. ಕೊಬ್ಬಿಸಿದ ಟರ್ಕಿ ಹುಂಜದ ತೊಡೆಯನ್ನು ಮೂಳೆಸಮೇತ ಕಡಿಯುವುದೊಂದೇ ಇನ್ನು ಬಾಳಿನ ಗುರಿ. ಆದರೆ ವಿಧಿಯಾಟವೇ! ರಕ್ತಗಲಸ್ತಬಕಭೂಷಿತನೂ ವ್ಯಜನಪುಚ್ಛನೂ ಆದ ಹುಂಜರಾಜನು ತನ್ನ ಮೇಲೆ ಕವುಚಿದ್ದ ಮಂಕರಿಯನ್ನು ಒದ್ದುರುಳಿಸಿ, ಕೆರೆ ಏರಿಯ ಲಂಟಾನ ಪೊದೆಯೆಂಬ ವನದುರ್ಗವನ್ನು ಹೊಕ್ಕುಬಿಟ್ಟಿದ್ದನು.

ಹೆಂಡತಿಯ ತಮ್ಮ ಚೆಲುವರಾಜು ಮೀನಿನ ಬಲೆ ಹೆಗಲಿಗೇರಿಸಿ ಬಂದನು. “ಬಾವ, ನೀ ಮನೇಲಿ ಕುಂತ್ಕೊ. ನಾನ್ ಎಳ್ಕಂಬತ್ತೀನಿ. ಆದ್ರೆ ತೊಡೆ ನಂಗೇಯ!”

ಮಂಚೇಗೌಡನ ಮೀಸೆ ಅದುರಿತು. “ಬಲೆ ಹಾಕಕ್ಕೆ ಅದೇನ್ ಜಿಲೇಬಿ ಮೀನೇನ್ಲಾ? ಸ್ವರದಲ್ಲಿ ಕರೀತೀನಿ ನೋಡು. ಅದು ತಾನಾಗೇ ನಡ್ಕಂಬಂದು ನನ್ ಕಾಲ್ತಾವ ನಿಲ್ದಿದ್ರೆ ಈ ಮೀಸೆ ಬೋಳಿಸ್ಬುಡ್ತೀನಿ! ಹಿಡ್ದೋನಿಗೇ ತೊಡೆ!”

ಹೀಗೆ ಗರ್ಜಿಸಿ, ಬಾಮೈದನೊಡನೆ ಕೆರೆ ಏರಿಗೆ ನಡೆದು, ಪೊದೆಯ ಮುಂದೆ ನಿಂತು ಸೊಂಟದಿಂದ ದಿವ್ಯಾಸ್ತ್ರವನ್ನು ಸೆಳೆದನು. ತಗಡಿನ ಲಾಳಕ್ಕೆ ಬಲೂನಿನ ರಬ್ಬರು ಬಿಗಿದ, ನಾಲಗೆಯಿಂದ ಅಂಗುಳಿಗೆ ಒತ್ತಿ ಉಸಿರುಬಿಟ್ಟರೆ ಹೇಂಟೆಯಂತೆಯೇ ಕೂಗುವ ಪೀಪಿ. ಬಾಯಿಗಿಟ್ಟನು; ದಿಕ್ಕುಗಳು ಕಿವಿಗೊಟ್ಟವು; ಊದಿದನು.

“ಪುಸ್ಸ್…”

“ಸೈಕಲ್ ಪಂಚರ್ ಆಯ್ತಾ, ಬಾವ?”

ಅಯ್ಯೋ! ಪೀಪಿ ಕೂರಬೇಕಾದ ಅಂಗುಳನ್ನು ಹಲ್ಲಿನ ಸೆಟ್ಟಿನ ಗುಲಾಬಿ ತಟ್ಟೆ ಆಕ್ರಮಿಸಿತ್ತು. ಹಲ್ಲಿದ್ದರೆ ಹುಂಜವಿಲ್ಲ, ಹಲ್ಲಿಲ್ಲದಿದ್ದರೆ ತೊಡೆಯಿದ್ದೂ ಫಲವಿಲ್ಲ. ಅತ್ತ ಚೆಲುವರಾಜು ಬಲೆ ಬಿಡಿಸತೊಡಗಿದ್ದನು. ಮಂಚೇಗೌಡನು ಅವನಿಗೆ ಬೆನ್ನು ತಿರುಗಿಸಿ, ಹಲ್ಲನ್ನು ಕಳಚಿ, ಕರ್ಚೀಫಿನಲ್ಲಿ ಸುತ್ತಿ, ಎದೆಯ ಜೇಬಿಗಿಳಿಸಿ ಮತ್ತೆ ಊದಿದನು.

“ಕಿಯೋಕ್… ಕಿಯೋಕ್… ಕಿಯೋಕ್…”

ಆಹಾ, ಎಂಥ ವಿರಹ, ಎಂಥ ಬಿನ್ನಾಣ! ಪೊದೆಯೊಳಗಿಂದ “ಗುಳುಗುಳುಗುಳು!” ಎಂಬ ಪ್ರತಿಘೋಷ ಮೊಳಗಿತು. ರೆಕ್ಕೆಯನ್ನು ನೆಲಕ್ಕೆ ಉಜ್ಜುತ್ತ, ಬೀಸಣಿಗೆ ಬಾಲ ಬಿಚ್ಚಿ, ಮದುವೆಗಂಡಿನಂತೆ ಹೆಜ್ಜೆಯ ಮೇಲೊಂದು ಹೆಜ್ಜೆಯಿಡುತ್ತ ಹುಂಜರಾಜನು ಬಂದೇಬಂದನು. ಚೆಲುವರಾಜುವಿನ ಬಲೆ ಕೈಯಿಂದ ಜಾರಿತು.

“ಅಬ್ಬಾ, ನಿನ್ ಬಾಯಾಗೆ ಯಾರವ್ಳೆ ಬಾವ!”

ಮಂಚೇಗೌಡನು ಸಿಡಿಲಿನಂತೆ ಎರಗಿದನು. ಧೂಳೆದ್ದಿತು, ಪುಕ್ಕ ಹಾರಿತು, ಎಲ್ಲೋ ‘ಕಟಕ್’ ಎಂದಿತು. ಹುಂಜದ ಮೂಳೆಯಿರಬೇಕೆಂದುಕೊಂಡು ಇನ್ನೂ ಬಿಗಿಯಾಗಿ ಎದೆಗೊತ್ತಿ ಹಿಡಿದನು.

ಮಧ್ಯಾಹ್ನದ ಪಂಕ್ತಿಯಲ್ಲಿ ಹೆಂಡತಿ ಹೊಂಬಾಳಮ್ಮ ಹಬೆಯಾಡುವ ತೊಡೆಯನ್ನು ತಂದು ಅವನ ಎಲೆಗೇ ಬಡಿಸಿದಳು. “ತಗಳಿ, ಗೆದ್ದೋರು ನೀವೇಯ.”

ವಿಜಯಿಯು ಜೇಬಿಗೆ ಕೈ ಹಾಕಿ, ಎಲೆಯ ಮರೆಯಲ್ಲಿ ಮೆಲ್ಲನೆ ಕರ್ಚೀಫು ಬಿಚ್ಚಿದನು. ಗುಲಾಬಿ ಚೂರುಗಳು, ನಡುವೆ ಬಿಡಿಬಿಡಿಯಾಗಿ ಹಲ್ಲುಗಳು, ಸೋರೆಬೀಜದಂತೆ.

“ಯಾಕ್ ಬಾವ, ಸುಮ್ನೆ ನೋಡ್ತಾ ಕುಂತೆ?” ಎಂದನು ಪಕ್ಕದ ಎಲೆಯ ಚೆಲುವರಾಜು.

ಮಂಚೇಗೌಡನು ದೀರ್ಘವಾಗಿ ನಿಟ್ಟುಸಿರುಬಿಟ್ಟು ತೊಡೆಯನ್ನೆತ್ತಿ ಬಾಮೈದನ ಎಲೆಗಿಟ್ಟನು. ಆಮೇಲೆ ಹೆಂಡತಿಯ ಕಡೆ ತಿರುಗಿದನು.

“ಇನ್ನೊಂದ್ ಮುದ್ದೆ ಇಕ್ಕಮ್ಮಿ. ಎಸರು ವಸಿ ಜಾಸ್ತಿ ಬುಡು.”