ಪೆಟ್ಟಿಗೆ ಪುಟ್ಟೇನಹಳ್ಳಿಯಲ್ಲಿ, ಕೀಲಿ ಆರ್.ಟಿ. ನಗರದಲ್ಲಿ

ಮನುಷ್ಯನಿಗೆ ಏನಾದರೊಂದು ಹುಚ್ಚು ಇರಬೇಕು ಎನ್ನುತ್ತಾರೆ ತಿಳಿದವರು. ಇರಲಿ, ಆದರೆ ಅದು ಗೋಡೆಗೆ ಮೊಳೆ ಹೊಡೆಸುವಂಥ ಹುಚ್ಚಾಗಬಾರದು ಎನ್ನುತ್ತಾಳೆ ನನ್ನ ಹೆಂಡತಿ ಸರೋಜ. ಪುಟ್ಟೇನಹಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ, ಮಗಳ ಮದುವೆಯ ಫೋಟೊ ಇರಬೇಕಾದ ಜಾಗದಲ್ಲಿ ಒಂದು ಹಲಗೆ ಇದೆ. ಹಲಗೆಯ ಮೇಲೆ ಹದಿನೆಂಟು ಮೊಳೆಗಳು. ಅವುಗಳಲ್ಲಿ ಹದಿನೇಳಕ್ಕೆ ಒಂದೊಂದು ಗ್ರಾಮಫೋನ್ ಕೀಲಿ ನೇತಾಡುತ್ತಿದೆ. ಕೀಲಿ ಎಂದರೆ ಬೀಗದ ಕೈಯಲ್ಲ. ಪೆಟ್ಟಿಗೆಯ ಪಕ್ಕದ ತೂತಿಗೆ ಸಿಕ್ಕಿಸಿ ತಿರುಗಿಸುವ, ಎರಡು ಕಡೆ ಬಾಗಿದ ಕಬ್ಬಿಣದ ಹಿಡಿ. ಮೊದಲ ಸಲ ನೋಡಿದವರು, "ಹಳೇ ಲಾರಿದಾ ಸಾರ್?" ಎಂದು ಕೇಳುತ್ತಾರೆ. ಹೌದು ಎಂದುಬಿಡುವುದನ್ನು ನಾನು ಈಚೆಗೆ ಕಲಿತಿದ್ದೇನೆ.

ಇದೆಲ್ಲ ಶುರುವಾದದ್ದು ನಾನು ನಿವೃತ್ತನಾದ ದಿನ. ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಬಿಡಿಭಾಗಗಳನ್ನು ಕಾಯ್ದವನು ನಾನು. ಒಂದು ವಾಷರೂ ಕಳೆಯಲು ಬಿಟ್ಟವನಲ್ಲ. ನಮ್ಮಲ್ಲಿ ಗುಜರಿ ಎತ್ತುತ್ತಿದ್ದ ಮುನಿಯಪ್ಪ ಅಂದು ಒಂದು ಮರದ ಗ್ರಾಮಫೋನ್ ಪೆಟ್ಟಿಗೆಯನ್ನು ಹೊತ್ತು ತಂದು ಉಡುಗೊರೆ ಎಂದು ನನ್ನ ಮೇಜಿನ ಮೇಲಿಟ್ಟ. ಒಳಗೆ ಹಾಡಿನ ಮೂರು ತಟ್ಟೆಗಳೂ ಇದ್ದವು. ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಂಡು ನೋಡಿದರೆ ಕೀಲಿ ಇಲ್ಲ. "ನಂಗೆ ಸಿಕ್ಕಿದ್ದೇ ಇಂಗೆ ಸಾಮಿ. ಕೀ ಎಲ್ಲೈತೋ ಆ ದ್ಯಾವ್ರೇ ಬಲ್ಲ," ಎಂದ. ಒಂದು ಭಾಗ ಕಡಿಮೆ ಇರುವ ಯಂತ್ರವನ್ನು ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುವುದು ನನ್ನ ಜಾಯಮಾನವಲ್ಲ.

ಮೊದಲು ಒಬ್ಬ ಲೇಥಿನವನ ಹತ್ತಿರ ಡೂಪ್ಲಿಕೇಟ್ ಮಾಡಿಸಿದೆ. ಅದು ಹತ್ತು ಸುತ್ತಾಗುತ್ತಲೇ ಜಾರಿ ನನ್ನ ಮೊಣಕೈಗೆ ಬಡಿಯುತ್ತಿತ್ತು. ಹತ್ತು ಸುತ್ತಿನ ಬಲದಲ್ಲಿ ಹಾಡು ಅರ್ಧ ದಾರಿ ಬರುವಷ್ಟರಲ್ಲಿ ಹಾಡುವವನಿಗೆ ತೂಕಡಿಕೆ ಹತ್ತುತ್ತಿತ್ತು. ಹೀಗಾಗಿ ಒರಿಜಿನಲ್ ಕೀಲಿಗಾಗಿ ಅಲೆದಾಟ ಶುರುವಾಯಿತು. ಪ್ರತಿ ಕಂಪನಿಯ ಕೀಲಿಯ ಮರೆ, ಅಂದರೆ ತುದಿಯ ತಿರುಪಿನ ಸುತ್ತು, ಬೇರೆ ಬೇರೆ ಎಂಬುದು ನನಗೆ ಆರನೆಯ ಕೀಲಿಯ ಹೊತ್ತಿಗೆ ತಿಳಿಯಿತು. ತಿಳಿದರೂ ಬಿಡಲಿಲ್ಲ. ಒಮ್ಮೆ ಚಿಕ್ಕಬಾಣಾವರದಲ್ಲಿ ಯಾರ ಮನೆಯಲ್ಲೋ ಕೀಲಿ ಇದೆಯೆಂದು ಕೇಳಿ ಓಡಿದೆ. ನೋಡಿದರೆ ಅದು ಶ್ಯಾವಿಗೆ ಒತ್ತುವ ಯಂತ್ರದ ಹಿಡಿ. ಆ ಮನೆಯ ಅಜ್ಜಿ ನನ್ನ ಪೆಚ್ಚು ಮುಖ ನೋಡಲಾರದೆ ಎರಡು ಹಿಡಿ ಶ್ಯಾವಿಗೆ ಕಟ್ಟಿಕೊಟ್ಟರು. ಬರಿಗೈಯಲ್ಲಿ ವಾಪಸಾದ ದಿನಗಳಲ್ಲೆಲ್ಲ ಹೀಗೆ ಯಾರೋ ಒಬ್ಬರು ಏನೋ ಒಂದನ್ನು ಕೈಗಿಟ್ಟಿದ್ದಾರೆ. ಗ್ರಾಮಫೋನಿನ ಮುಳ್ಳು ಇಡುವ ಎರಡು ತಗಡಿನ ಡಬ್ಬಿಗಳು ಸಿಕ್ಕಿದ್ದೂ ಹಾಗೆಯೇ. ಅವುಗಳಲ್ಲಿ ಒಂದರೊಳಗೆ ಈಗ ಏಲಕ್ಕಿ ಇದೆ. ನಾನು ತಕರಾರು ಮಾಡಿಲ್ಲ.

ಹದಿನೇಳು ಕೀಲಿಗಳಲ್ಲಿ ಒಂದೂ ನನ್ನ ಪೆಟ್ಟಿಗೆಗೆ ಕೂರಲಿಲ್ಲ. "ಒಂದು ಬಾಗಿಲಿಗೆ ಹದಿನೇಳು ಕೀಲಿ, ಆದ್ರೂ ನೀವು ಹೊರಗೇ ನಿಂತಿದ್ದೀರಲ್ರೀ," ಎಂದಳು ಸರೋಜ. ಆಗಲೇ ಮುನಿಯಪ್ಪನ ಫೋನ್ ಬಂತು. "ಸಾಮಿ, ಆರ್.ಟಿ. ನಗರ್‌ದಾಗೆ ಒಬ್ರು ಮೇಷ್ಟ್ರು ಅವ್ರೆ. ಅವರತ್ರ ಕೀ ಐತೆ, ಪೆಟ್ಗೆ ಇಲ್ಲ. ನಿಮ್ದು ಉಲ್ಟಾ ಕೇಸು."

ಖಾದರ್ ಮೇಷ್ಟ್ರು ಮೂವತ್ತೈದು ವರ್ಷ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು. ಎಪ್ಪತ್ತು ದಾಟಿದೆ. ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು, ಕರ್ಚೀಫು ಬಿಚ್ಚಿ ಕೀಲಿ ತೋರಿಸಿದರು. ಮರೆ ನೋಡಿದೆ; ನನ್ನ ಪೆಟ್ಟಿಗೆಯದ್ದೇ ಜಾತಿ. ಕೊಡುತ್ತೀರಾ ಎಂದು ಕೇಳುವ ಮೊದಲೇ ಅವರು ಕರ್ಚೀಫು ಮಡಿಸಿ ಜೇಬಿಗಿಟ್ಟರು. "ಇದು ಕೊಡೋ ವಸ್ತು ಅಲ್ಲ ಸಾರ್. ಭಾನುವಾರ ನಾನೇ ನಿಮ್ಮನೆಗೆ ಬರ್ತೀನಿ," ಎಂದರು. ವಾಪಸ್ ಬರುವಾಗ ಬಸ್ಸು ಹೆಬ್ಬಾಳದ ಫ್ಲೈಓವರಿನ ಮೇಲೆ ಮುಕ್ಕಾಲು ಗಂಟೆ ನಿಂತಿತ್ತು. ಅಷ್ಟೂ ಹೊತ್ತು ಆ ಕೀಲಿಯನ್ನು ಅವರಿಂದ ಹೇಗೆ ಕೀಳುವುದೆಂದೇ ನಾನು ಯೋಚಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಭಾನುವಾರ ಹನ್ನೊಂದಕ್ಕೆ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಕುಳಿತುಕೊಳ್ಳಲಿಲ್ಲ, ನೇರ ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳದ ಅಂಚನ್ನು ಬೆರಳಿನಿಂದ ಸವರಿದರು. "ನಮ್ದಲ್ಲ ಇದು. ನಮ್ದಕ್ಕೆ ಇಲ್ಲಿ ಸುಟ್ಟ ಗುರುತಿತ್ತು," ಎಂದರು. ಆಮೇಲೆ ಕೀಲಿ ಸಿಕ್ಕಿಸಿದರು. ಎಣ್ಣೆ ಹಚ್ಚಿದಂತೆ ಹೋಗಿ ಕೂತಿತು. ಆದರೆ ತಿರುಗಿಸದೆ ಹಾಗೆಯೇ ಕೀಲಿ ಹಿಡಿದು ನಿಂತರು.

"ತಿರುಗಿಸಿ ಮೇಷ್ಟ್ರೇ," ಎಂದೆ.

"ನಾನು ಇದುವರೆಗೆ ತಿರುಗಿಸೇ ಇಲ್ಲ ಸಾರ್," ಎಂದರು.

ಮೇಷ್ಟ್ರು ಹುಡುಗರಾಗಿದ್ದಾಗ ಅವರ ಮನೆಯಲ್ಲಿ ಪೆಟ್ಟಿಗೆ ಹಾಲ್‌ನಲ್ಲಿ, ಕೀಲಿ ಅಜ್ಜಿಯ ಸೆರಗಿನ ಗಂಟಿನಲ್ಲಿ. ಮಕ್ಕಳು ಹೆಚ್ಚು ತಿರುಗಿಸಿ ಸ್ಪ್ರಿಂಗ್ ಮುರಿಯುತ್ತಾರೆಂದು ಅಜ್ಜಿ ಯಾರ ಕೈಗೂ ಕೊಡುತ್ತಿರಲಿಲ್ಲ. ತಾವೇ ಬಂದು, ಗಟ್ಟಿಯಾಗಿ ಎಣಿಸುತ್ತಾ ಇಪ್ಪತ್ತನಾಲ್ಕು ಸುತ್ತು ತಿರುಗಿಸಿ, ಕೀಲಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರಂತೆ. ಆ ಕಾಲದ ಅನೇಕ ಮನೆಗಳಲ್ಲಿ ಇದೇ ಪದ್ಧತಿ. ಈ ಊರಿನ ಪೆಟ್ಟಿಗೆಗಳಿಗೆಲ್ಲ ಯಾಕೆ ಕೀಲಿ ಇಲ್ಲವೆಂಬುದು ನನಗೆ ಅಂದು ಅರ್ಥವಾಯಿತು. ಕೀಲಿಗಳು ಕಳೆದುಹೋದವುಗಳಲ್ಲ, ಬಚ್ಚಿಟ್ಟವುಗಳು.

"ಎಂಟು ವರ್ಷ ನಂಗೆ," ಎಂದರು ಮೇಷ್ಟ್ರು. "ಒಂದ್ಸಲ ತಿರುಗಿಸ್ತೀನಿ ಅಂದ್ರೆ ದಾದಿ, ಅದೇ ನಮ್ಮಜ್ಜಿ, ಬಿಡ್ಲಿಲ್ಲ. ಸಿಟ್ಟು ಬಂತು. ಮಲಗಿದ್ದಾಗ ಸೆರಗಿಂದ ಬಿಚ್ಕೊಂಡು ಬಾವಿಕಟ್ಟೆ ಸಂದೀಲಿ ಬಚ್ಚಿಟ್ಟೆ. ಎರಡೇ ದಿನ, ನಮ್ ಅಬ್ಬಾ, ಅಂದ್ರೆ ಅಪ್ಪ, ಪೆಟ್ಟಿಗೇನ ಯಾರಿಗೋ ಕೊಟ್ಬಿಟ್ರು. ಅವತ್ತು ಪೆಟ್ಟಿಗೆ ಜೊತೆ ಕೊಡೋಕೆ ಮನೆಯೆಲ್ಲಾ ಕೀ ಹುಡುಕಿದ್ರು. ದಾದೀನೇ ಕಳೆದ್ಲು ಅಂತ ಎಲ್ರೂ ಬೈದ್ರು. ಅವ್ಳೂ 'ವಯಸ್ಸಾಯ್ತು, ನಾನೇ ಕಳೆದಿರ್ಬೇಕು' ಅಂತ ಒಪ್ಕೊಂಡ್ಬಿಟ್ಳು. ನಾನು ಬಾಯಿ ಬಿಡ್ಲಿಲ್ಲ ಸಾರ್. ಅವ್ಳ ಕೊನೇವರೆಗೂ ಬಿಡ್ಲಿಲ್ಲ."

ಸರೋಜ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ಈಗ ತಿರುಗಿಸಿ ಮೇಷ್ಟ್ರೇ, ಅಜ್ಜಿ ಏನೂ ಅನ್ನಲ್ಲ," ಎಂದಳು. ನಾಲ್ಕು ದಶಕದ ಸಂಸಾರದಲ್ಲಿ ಅವಳು ಆಡಿದ ಅತ್ಯಂತ ಸರಿಯಾದ ಮಾತು ಅದು, ನನ್ನನ್ನು ಕುರಿತು ಆಡಿದವನ್ನು ಬಿಟ್ಟು ಹೇಳುತ್ತಿದ್ದೇನೆ.

ಮೇಷ್ಟ್ರು ತಿರುಗಿಸಿದರು. ಬೆಂಗಳೂರಿನ ಮಕ್ಕಳಿಗೆ ಕನ್ನಡದಲ್ಲಿ ಮಗ್ಗಿ ಕಲಿಸಿದ ಮನುಷ್ಯ ಅಂದು ಅಜ್ಜಿಯ ಹಾಗೆ "ಏಕ್, ದೋ, ತೀನ್" ಎಂದು ಎಣಿಸಿದರು. ಇಪ್ಪತ್ತನಾಲ್ಕಕ್ಕೆ ನಿಲ್ಲಿಸಿದರು. ತಟ್ಟೆ ತಿರುಗಿತು. ಯಾವುದೋ ಹಳೆಯ ನಾಟಕದ ಹಾಡು, ಒಂದಿಷ್ಟೂ ತೂಕಡಿಸದೆ ಕೊನೆಯವರೆಗೆ ಬಂತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಆಮೇಲೆ ಅವರು ಕೀಲಿಯನ್ನು ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡು, ಚಿತ್ರಾನ್ನ ತಿಂದು ಬಸ್ಸು ಹತ್ತಿದರು. ನಾನು ಬಾಯಿ ಬಿಟ್ಟುಕೊಂಡು ಸ್ಟಾಪಿನಲ್ಲಿ ನಿಂತೆ.

ಅಲ್ಲಿಂದೀಚೆಗೆ ಒಂದು ಭಾನುವಾರವೂ ತಪ್ಪಿಲ್ಲ. ಮೇಷ್ಟ್ರು ಕೀಲಿ ತರುತ್ತಾರೆ, ಇಪ್ಪತ್ತನಾಲ್ಕು ಎಣಿಸುತ್ತಾರೆ, ಅವೇ ಮೂರು ತಟ್ಟೆ ಕೇಳುತ್ತೇವೆ. ರಂಜಾನ್ ತಿಂಗಳಲ್ಲಿ ಮಾತ್ರ ಸಂಜೆ ಬಂದು, ಸರೋಜಳ ಬಜ್ಜಿಯಲ್ಲಿ ಉಪವಾಸ ಬಿಡುತ್ತಾರೆ. ನಿವೃತ್ತನಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವ ಮನುಷ್ಯ ಒಬ್ಬನೂ ಇರಲಿಲ್ಲವೆಂಬುದು, ಒಬ್ಬರು ಬರತೊಡಗಿದ ಮೇಲೆಯೇ ನನಗೆ ಗೊತ್ತಾದದ್ದು. ಕೀಲಿ ಕಳೆದುಕೊಂಡ ಪೆಟ್ಟಿಗೆಯನ್ನು ಕೊಟ್ಟ ಮುನಿಯಪ್ಪನಿಗೆ ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಹೋದ ತಿಂಗಳು ಮೇಷ್ಟ್ರು ಕರ್ಚೀಫು ಸಮೇತ ಕೀಲಿಯನ್ನು ನನ್ನ ಮುಂದಿಟ್ಟರು. "ಮಂಡಿ ನೋವು ಸಾರ್. ಎಷ್ಟು ದಿನ ಬಸ್ ಹತ್ತೋಕಾಗುತ್ತೋ. ಇನ್ಮೇಲೆ ನಿಮ್ಮತ್ರಾನೇ ಇರ್ಲಿ," ಎಂದರು. ಹದಿನೆಂಟನೆಯ ಮೊಳೆ ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಕೈ ಮುಂದೆ ಹೋಯಿತು. ನಾಲಿಗೆ ಮಾತ್ರ ಬೇರೆಯೇ ಹೇಳಿತು. "ಬೇಡ ಮೇಷ್ಟ್ರೇ. ನಾನು ಮಹಾ ಮರೆವಿನವನು, ನನ್ ಹತ್ರ ಇದ್ರೆ ಕಳೆದುಹೋಗುತ್ತೆ. ನೀವೇ ಇಟ್ಕೊಳ್ಳಿ, ಮುಂದಿನ ವಾರದಿಂದ ಆಟೋದಲ್ಲಿ ನಾನೇ ಬಂದು ಕರ್ಕೊಂಡು ಬರ್ತೀನಿ."

ಮೇಷ್ಟ್ರು ಹಲಗೆಯ ಮೇಲೆ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತ ಹದಿನೇಳು ಕೀಲಿಗಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ನಕ್ಕು ಕರ್ಚೀಫು ಮಡಿಸಿದರು. ಸರೋಜ ಒಳಗೆ ಹೋಗಿ ನಕ್ಕಳು.

ಆದರೂ ನನಗೆ ಒಳಗೊಳಗೇ ಅಳುಕು. ಲೇಥಿನ ಡೂಪ್ಲಿಕೇಟ್ ಮೇಷ್ಟ್ರ ಕಣ್ಣಿಗೆ ಬಿದ್ದರೆ, ಇದನ್ನೇ ರಿಪೇರಿ ಮಾಡಿಸಿಕೊಳ್ಳಿ, ನಾನು ಯಾಕೆ ಬರಬೇಕು ಎಂದಾರು. ಅವರು ಹೊರಟ ಮೇಲೆ ಅದನ್ನು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬಚ್ಚಿಟ್ಟೆ. ನಿನ್ನೆ ಸರೋಜ, "ಆ ಲೇಥಿನವನ ಸೊಟ್ಟ ಕೀಲಿ ಕೊಡಿ, ಮೋರಿ ಕಟ್ಕೊಂಡಿದೆ," ಎಂದಳು. ಮೂವತ್ತು ವರ್ಷ ಒಂದು ವಾಷರೂ ಕಳೆಯದ ನಾನು ಬೆಳಗಿನಿಂದ ಅಕ್ಕಿ ಡಬ್ಬಿ, ಅಟ್ಟ, ಹಾಸಿಗೆಯ ಅಡಿ ಎಲ್ಲ ಹುಡುಕುತ್ತಿದ್ದೇನೆ. ಎಲ್ಲಿಟ್ಟೆನೋ, ದೇವರಾಣೆಗೂ ನೆನಪಿಲ್ಲ.